ಹೊಗೆ ವಾಸನೆಯ ಯೂನಿಫಾರ್ಮ್ ಮನೆಗೆ ತರಬಹುದೇ?

ಪ್ರಶ್ನೆ: ನಮ್ಮ ಯಜಮಾನರು ಅಗ್ನಿಶಾಮಕ ಠಾಣೆಯಲ್ಲಿದ್ದಾರೆ. ಕೊಬ್ಬರಿ ಗೋದಾಮಿನ ಬೆಂಕಿ ಆರಿಸಿ ಬಂದರೆ ಎರಡು ದಿನ ಮೈಯೆಲ್ಲ ಹೊಗೆ ವಾಸನೆ. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜತೆ ಮೆಷಿನ್‌ಗೆ ಹಾಕಬಹುದೇ? ಕ್ಯಾನ್ಸರ್ ಬರುತ್ತದೆನ್ನುವುದು ನಿಜವೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಹಾಕಬೇಡಿ. ಅಪಾಯ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಮೀಸೊಥೆಲಿಯೋಮಾಕ್ಕೆ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಪುರಾವೆ ಗಟ್ಟಿಯಾಗಿದೆ. ಹಾಗೆಂದು ಎಲ್ಲರಿಗೂ ಬಂದೇ ಬರುತ್ತದೆಂದಲ್ಲ.

ಹೊಗೆ ಕುಡಿಯುವುದನ್ನಷ್ಟೇ ಜನ ಲೆಕ್ಕಕ್ಕೆ ಹಿಡಿಯುತ್ತಾರೆ. ಮಸಿಯಲ್ಲಿನ ವಿಷ ಚರ್ಮದಿಂದಲೂ ಇಳಿಯುತ್ತದೆ. ಬಿಸಿಯಾಗಿ ಬೆವರಿದ ಮೈಯಂತೂ ಬೇಗ ಹೀರುತ್ತದೆ. ಕುತ್ತಿಗೆ, ದವಡೆ, ಕಿವಿಯ ಹಿಂಭಾಗ ನೋಡಿ, ಮಸಿ ಕೂರುವುದೇ ಅಲ್ಲಿ. ಜ್ವಾಲೆ ಇಳಿದ ಕೂಡಲೇ ಮಾಸ್ಕ್ ಕಳಚಿ ಕೊಬ್ಬರಿ ರಾಶಿ ಕೆದಕುವುದು ದೊಡ್ಡ ತಪ್ಪು. ಒಳಗೊಳಗೇ ಹೊಗೆಯಾಡುವ ಹೊತ್ತಲ್ಲೂ ಸಿಲಿಂಡರ್ ಗಾಳಿಯ ಮಾಸ್ಕ್ ಮುಖದ ಮೇಲಿರಬೇಕು. ಮೂಗಿಗೆ ಕಟ್ಟಿದ ಒದ್ದೆ ಟವೆಲ್ ವಿಷಾನಿಲ ತಡೆಯದು.

ಮಾಸ್ಕ್ ತೆಗೆಯುವ ಮುನ್ನವೇ, ಸ್ಥಳದಲ್ಲೇ, ಕೋಟಿಗೆ ಸೋಪುನೀರು ಹಾಕಿ ಮೇಲಿನಿಂದ ಕೆಳಕ್ಕೆ ಬ್ರಷ್‌ನಿಂದ ಉಜ್ಜಿ, ಮೆಲ್ಲಗೆ ನೀರು ಬಿಡಿಸಿಕೊಳ್ಳಲಿ. ಜೋರಾಗಿ ಬಿಟ್ಟರೆ ಮಸಿ ಬಟ್ಟೆಯೊಳಕ್ಕೇ ಹೋಗುತ್ತದೆ. ಕೈ-ಮುಖ ತೊಳೆಯದೆ ಟೀ ಬೇಡ. ಬೀಡಿ ಯಾವಾಗಲೂ ಬೇಡ. ಗಂಟೆಯೊಳಗೆ ಠಾಣೆಯಲ್ಲೇ ಸ್ನಾನವಾಗಲಿ.

ಯೂನಿಫಾರ್ಮ್ ಮನೆಗೆ ತರಲೇಬೇಕಾದರೆ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿರಲಿ. ಬೇರೆಯಾಗಿ ಒಗೆದು, ಆಮೇಲೆ ಮೆಷಿನ್ ಒಮ್ಮೆ ಖಾಲಿ ಓಡಿಸಿ. ಬೆಂಕಿ ತಡೆಯುವ ಕೋಟಿಗೆ ಬ್ಲೀಚ್ ಮುಟ್ಟಿಸಬೇಡಿ, ಬಟ್ಟೆಯ ಶಕ್ತಿಯೇ ಹೋಗುತ್ತದೆ.

ನೋವಿಲ್ಲದಿದ್ದರೂ ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೆ ವೈದ್ಯರ ಬಳಿ ಹೋಗಲಿ; ಏನು ಕೆಲಸವೆಂದು ಅವರು ಕೇಳದಿದ್ದರೂ ಹೇಳಲಿ.