‘ಹಯಿಲ್’ ಲೇಖನ: ಯಾಕೆ ಮರಳಿಸುತ್ತಿದ್ದೇವೆ

ನಮಸ್ಕಾರ,

ಹೀಬ್ರೂ ಬೈಬಲಿನ ‘ಹಯಿಲ್’ ಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಸರಾಗವಾಗಿದೆ, ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗದು.

ಬಲ, ಸೈನ್ಯ, ಸಂಪತ್ತು, ಸಾಮರ್ಥ್ಯ ಎಂದು ನಿಘಂಟಿನ ಅರ್ಥಗಳನ್ನು ಪಟ್ಟಿ ಮಾಡಿ, ಅಷ್ಟನ್ನೂ ಜ್ಞಾನೋಕ್ತಿ 31:10ರಲ್ಲಿ ಶುರುವಾಗುವ ಆದರ್ಶ ಗೃಹಿಣಿಯ ಪದ್ಯದ ‘ಏಷೆತ್ ಹಯಿಲ್’ (ಹಯಿಲ್ ಉಳ್ಳ ಹೆಂಗಸು) ಮೇಲೆ ಹೇರಿದ್ದೀರಿ. ಪಾಪ, ಆ ಗೃಹಿಣಿ ಒಂದೇ ಪ್ಯಾರಾದಲ್ಲಿ ಸೇನಾಪತಿಯೂ ಆಗಿದ್ದಾಳೆ, ಸಾಹುಕಾರಳೂ ಆಗಿದ್ದಾಳೆ. ‘ಕರ ಮುಗಿದು’ ಎಂಬಲ್ಲಿ ನಾವು ತೆರಿಗೆ ಹುಡುಕುತ್ತೇವೆಯೇ? ಅರ್ಥವನ್ನು ತೀರ್ಮಾನಿಸುವುದು ಅಕ್ಕಪಕ್ಕದ ಪದಗಳು. ವಿಮೋಚನಕಾಂಡ 15:4ರಲ್ಲಿ ಫರೋಹನ ರಥಗಳ ಜೊತೆ ಬಂದ ಹಯಿಲ್ ಸೈನ್ಯ. ಧರ್ಮೋಪದೇಶಕಾಂಡ 8:17ರಲ್ಲಿ ಬಲಕ್ಕೆ ‘ಕೋಅಹ್’ ಎಂಬ ಬೇರೆ ಪದವೇ ಇದೆ. ಹಯಿಲ್ ಆ ಬಲದಿಂದ ಗಳಿಸಿದ ಆಸ್ತಿ. ನ್ಯಾಯ ತೀರಿಸಲು ಆರಿಸಿಕೋ ಎಂದು ಮೋಶೆಗೆ ಅವನ ಮಾವ ಹೇಳುವ ‘ಅನ್ಷೇ ಹಯಿಲ್’ (ವಿಮೋಚನಕಾಂಡ 18:21) ಪೈಲ್ವಾನರಲ್ಲ, ಸಮರ್ಥರು.

ಇನ್ನೂ ದೊಡ್ಡ ತಪ್ಪು ಮೂರನೇ ಪುಟದಲ್ಲಿದೆ. ಜ್ಞಾನೋಕ್ತಿ 31:17 ಮತ್ತು 25ರಲ್ಲೂ ಹಯಿಲ್ ಇದೆ ಎಂದಿದ್ದೀರಿ, ಅಲ್ಲಿರುವುದು ಬಲ ಎಂಬರ್ಥದ ಬೇರೆ ಪದ ‘ಓಜ್’. ಆ ಪದ್ಯದಲ್ಲಿ ಹಯಿಲ್ ಬರುವುದು 10 ಮತ್ತು 29ರಲ್ಲಿ. ಅನುವಾದದಲ್ಲಿ ‘ಬಲ’ ಕಂಡಲ್ಲೆಲ್ಲ ಮೂಲದಲ್ಲಿ ಹಯಿಲ್ ಇರುವುದಿಲ್ಲ. ವಿಮೋಚನಕಾಂಡ 15:14ರಲ್ಲಂತೂ ಫಿಲಿಷ್ಟಿಯರಿಗೆ ಬಲ ಬಂತು ಎಂದು ಬರೆದಿದ್ದೀರಿ! ಅಲ್ಲಿ ವ್ಯಂಜನಗಳು ಅವೇ, ಸ್ವರಚಿಹ್ನೆ ಬೇರೆ: ಪದ ‘ಹೀಲ್’, ಹೆರಿಗೆ ನೋವಿನಂಥ ಸಂಕಟ. ಉಲ್ಲೇಖಿಸಿದ ಪ್ರತಿ ವಚನವನ್ನೂ ಸ್ಟ್ರಾಂಗ್ ಸಂಖ್ಯೆಗಳಿರುವ (ಬೈಬಲಿನ ಒಂದೊಂದು ಮೂಲ ಪದಕ್ಕೂ ಕೊಟ್ಟ ಕ್ರಮಸಂಖ್ಯೆ) ಹೀಬ್ರೂ ಪಠ್ಯದಲ್ಲಿ ತೆರೆದು ನೋಡಿ. ಹಯಿಲ್ 2428, ಹೀಲ್ 2427, ಓಜ್ 5797. ಸಂಖ್ಯೆ ಹೊಂದದಿದ್ದರೆ ಆ ಉದಾಹರಣೆ ಬಿಟ್ಟುಬಿಡಿ. ಸಂಖ್ಯೆ ಪದವನ್ನು ಗುರುತಿಸುತ್ತದೆ ಅಷ್ಟೆ, ಅರ್ಥಕ್ಕೆ ವಾಕ್ಯವನ್ನೇ ಓದಬೇಕು.

ನಿಮ್ಮ ನಿಜವಾದ ಲೇಖನ ನೀವು ಒಂದೇ ಸಾಲಿನಲ್ಲಿ ಮುಗಿಸಿದ ರೂತಳ ಪುಸ್ತಕದಲ್ಲಿದೆ. 2:1ರಲ್ಲಿ ಜಮೀನುದಾರ ಬೋವಜ ‘ಗಿಬ್ಬೋರ್ ಹಯಿಲ್’ (ಹಯಿಲ್ ಉಳ್ಳ ಪ್ರಬಲ). 3:11ರಲ್ಲಿ ಅದೇ ಬೋವಜ, ತನ್ನ ಹೊಲದಲ್ಲಿ ಹಕ್ಕಲಾಯುವ ಮೋವಾಬಿನ ವಿಧವೆ ರೂತಳನ್ನು ‘ಏಷೆತ್ ಹಯಿಲ್’ ಎನ್ನುತ್ತಾನೆ. ಅನುವಾದಗಳು ಅವನನ್ನು ಐಶ್ವರ್ಯವಂತ, ಅವಳನ್ನು ಗುಣವಂತೆ ಎಂದು ಬೇರ್ಪಡಿಸಿದ್ದರಿಂದ ಈ ಸಮಜೋಡಿ ಓದುಗರ ಕಣ್ಣಿಗೆ ಬೀಳುವುದಿಲ್ಲ. ಹೀಬ್ರೂ ಬೈಬಲಿನ 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯಲ್ಲಿ ಜ್ಞಾನೋಕ್ತಿ ಈ ಏಷೆತ್ ಹಯಿಲ್ ಪದ್ಯದೊಂದಿಗೆ ಮುಗಿದೊಡನೆ ರೂತಳ ಪುಸ್ತಕ ಶುರುವಾಗುತ್ತದೆ, ಅದನ್ನೂ ಸೇರಿಸಿ.

ಇಸ್ರೇಲಿನ ಇಂದಿನ ಸೇನೆಯ ಪ್ಯಾರಾ ಪೂರ್ತಿ ತೆಗೆಯಿರಿ, ಇಂದಿನ ಬಳಕೆ ಬೈಬಲಿನ ಪದದ ಅರ್ಥವನ್ನು ತೀರ್ಮಾನಿಸದು. 1,200 ಪದಗಳೊಳಗೆ ಮತ್ತೆ ಬರೆದು ಕಳಿಸಿ.

ಸಂಪಾದಕರು