ಹೊಸ ಕಂಟ್ರೋಲರ್ ಹುಡುಕುವ ಮೊದಲು ಕಿವಿಯಲ್ಲಿರುವ ಇಯರ್‌ಬಡ್ಸ್ ತೆಗೆಯಿರಿ

ಗೇಮ್ ಆಡೋಕೆ ಫೋನ್‌ಗೆ ಬ್ಲೂಟೂತ್ ಕಂಟ್ರೋಲರ್ (ಬಟನ್, ಸ್ಟಿಕ್ ಇರುವ, ಕೈಯಲ್ಲಿ ಹಿಡಿದು ಆಡುವ ಸಾಧನ) ಜೋಡಿಸಿದ್ದೀನಿ, ಬಟನ್ ಒತ್ತಿದ ಮೇಲೆ ಸ್ವಲ್ಪ ತಡ ಆಗುತ್ತೆ, ಲ್ಯಾಗ್ ಇಲ್ಲದ ಕಂಟ್ರೋಲರ್ ಯಾವುದು ಅಂತ ಕೇಳಿದ್ದೀರಿ. ಕೊನೆಯಲ್ಲಿ, ಲೆಕ್ಕಕ್ಕಿಲ್ಲದ ಮಾತಿನ ಹಾಗೆ, ರಾತ್ರಿ ಮನೆಯವರಿಗೆ ತೊಂದರೆ ಬೇಡ ಅಂತ ಇಯರ್‌ಬಡ್ಸ್ ಹಾಕಿಕೊಂಡು ಆಡ್ತೀನಿ ಅಂತಲೂ ಬರೆದಿದ್ದೀರಿ. ಅದನ್ನು ಓದಿ ನನಗೆ ನಗು ಬಂತು. ನನ್ನದೂ ಇದೇ ಕಥೆ. ಎರಡು ಕಂಟ್ರೋಲರ್ ಕೊಂಡಾಗಿತ್ತು, ಇನ್ನೇನು ಫೋನನ್ನೂ ಬದಲಾಯಿಸುವವನಿದ್ದೆ.

ಆಗ ನಾನು ಆಡುತ್ತಿದ್ದದ್ದು ಡೆಡ್ ಸೆಲ್ಸ್. 2020ರಲ್ಲಿ ಆಂಡ್ರಾಯ್ಡ್‌ಗೆ ಬಂದ ಆಟ, ಕಂಟ್ರೋಲರ್‌ಗೆ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ಶತ್ರು ಹೊಡೆಯುವ ಮೊದಲು ಅವನ ತಲೆ ಮೇಲೆ ಆಶ್ಚರ್ಯಸೂಚಕ ಚಿಹ್ನೆಯೊಂದು ಮಿನುಗುತ್ತದೆ. ಏಟು ಬೀಳುವ ಹೊತ್ತಿಗೆ ಸರಿಯಾಗಿ ಶೀಲ್ಡ್ ಎತ್ತಿದರೆ ಪ್ಯಾರಿ, ಅಂದರೆ ಏಟನ್ನು ಹಿಮ್ಮೆಟ್ಟಿಸಿದ ಹಾಗೆ. ಬೇಗ ಎತ್ತಿದರೆ ಬರೀ ತಡೆದಂತಾಗುತ್ತದೆ, ತಡವಾದರೆ ಏಟು ಪೂರ್ತಿ ನಮಗೇ. ಗಾಜಿನ ಮೇಲೆ ಹೆಬ್ಬೆರಳು ಉಜ್ಜಿ ಉಜ್ಜಿ ಸಾಕಾಗಿ ಒಂದು ಕಡಿಮೆ ಬೆಲೆಯ ಬ್ಲೂಟೂತ್ ಕಂಟ್ರೋಲರ್ ತರಿಸಿದೆ. ಅದೇ ವಾರ ಹೊಸ ಇಯರ್‌ಬಡ್ಸ್ ಕೂಡ ಬಂದವು. ಹಳೆಯ ವೈರ್ ಇಯರ್‌ಫೋನ್ ಸುತ್ತಿ ಡ್ರಾಯರ್‌ಗೆ ಹಾಕಿದೆ.

ಎರಡೂ ಒಂದೇ ವಾರ ಬಂದದ್ದೇ ಎಡವಟ್ಟಾಯಿತು.

ಮೊದಲ ರಾತ್ರಿಯೇ ಏನೋ ಸರಿಯಿಲ್ಲ ಅನ್ನಿಸಿತು. ಶೀಲ್ಡ್ ಎತ್ತುತ್ತೀನಿ, ಠಣ್ ಅನ್ನುವ ಸದ್ದು ಒಂದು ಗಳಿಗೆ ಬಿಟ್ಟು ಬರುತ್ತದೆ. ನೆಗೆದು ನೆಲಕ್ಕೆ ಬೀಳುತ್ತೀನಿ, ಕಾಲಿನ ಸದ್ದು ಆಮೇಲೆ. ಓಹೋ, ನನ್ನ ಬಟನ್ ಆಟಕ್ಕೆ ತಡವಾಗಿ ಮುಟ್ಟುತ್ತಿದೆ ಅಂದುಕೊಂಡೆ. ಮುಂದಿನ ಸಲ ಸ್ವಲ್ಪ ಬೇಗ ಒತ್ತಿದೆ. ಪ್ಯಾರಿ ತಪ್ಪಿತು. ಇನ್ನೂ ಬೇಗ ಒತ್ತಿದೆ. ಅದೂ ತಪ್ಪಿತು. ಗಾಜಿನ ಮೇಲೆ ಆಡುವಾಗ ದಾಟುತ್ತಿದ್ದ ಜಾಗದಲ್ಲೇ ದಿನಾ ಸಾಯತೊಡಗಿದೆ. ಕಡಿಮೆ ಬೆಲೆಯ ಮಾಲು ಅಂದಮೇಲೆ ಇಷ್ಟೇ ಅಲ್ವಾ ಅಂತ ಬೈದುಕೊಂಡು ಅದನ್ನು ಅಕ್ಕನ ಮಗನಿಗೆ ಕೊಟ್ಟುಬಿಟ್ಟೆ. ಮೂರು ಪಟ್ಟು ದುಡ್ಡು ಕೊಟ್ಟು ಇನ್ನೊಂದು ತಂದೆ. ಕೈಗೆ ತೂಕವಾಗಿ ಕೂರುತ್ತಿತ್ತು, ಟ್ರಿಗರ್ ಬೆಣ್ಣೆಯ ಹಾಗಿತ್ತು. ತಡ ಮಾತ್ರ ಅಷ್ಟೇ ಇತ್ತು. ಆಗ ಅನುಮಾನ ಫೋನ್ ಮೇಲೆ ಹೋಯಿತು. ಬ್ಲೂಟೂತ್ ಹಳೆಯದಿರಬೇಕು ಅಂತ ಹೊಸ ಫೋನ್‌ಗಳ ಪಟ್ಟಿ ಹಿಡಿದು ಕೂತೆ.

ಒಂದು ಭಾನುವಾರ ಅಕ್ಕನ ಮನೆಗೆ ಹೋದರೆ ಹುಡುಗ ಅದೇ ಕಂಟ್ರೋಲರ್ ಹಿಡಿದು, ಫೋನನ್ನು ಲೋಟಕ್ಕೆ ಒರಗಿಸಿಕೊಂಡು, ಅದೇ ಆಟ ಆಡುತ್ತಿದ್ದ. ಪ್ಯಾರಿ ಮೇಲೆ ಪ್ಯಾರಿ. ಲ್ಯಾಗ್ ಇಲ್ವೇನೋ ಅಂದೆ. "ಎಲ್ಲಿ ಮಾಮ? ಚೆನ್ನಾಗೇ ಇದೆಯಲ್ಲ" ಅಂದ, ಪರದೆಯಿಂದ ತಲೆ ಎತ್ತದೆ. ಫೋನೂ ನನ್ನದಕ್ಕಿಂತ ಹಳೆಯದು. ಕೊಡು ಅಂತ ಕಿತ್ತುಕೊಂಡು ಆಡಿದೆ. ಒಂಚೂರೂ ತಡವಿಲ್ಲ. ನನ್ನ ಫೋನ್ ತೆಗೆದು ಅದೇ ಕಂಟ್ರೋಲರ್ ಜೋಡಿಸಿದೆ, ಅಲ್ಲೂ ತಡವಿಲ್ಲ! ಅಭ್ಯಾಸಬಲದಿಂದ ಜೇಬಿನಿಂದ ಇಯರ್‌ಬಡ್ಸ್ ತೆಗೆದು ಕಿವಿಗೆ ಹಾಕಿದೆ ನೋಡಿ, ತಡ ವಾಪಸ್ ಬಂತು. ತೆಗೆದೆ, ಹೋಯಿತು. ಹಾಕಿದೆ, ಬಂತು. ಹುಡುಗ ಆಡುತ್ತಿದ್ದದ್ದು ಫೋನ್ ಸ್ಪೀಕರ್‌ನಲ್ಲಿ. ವ್ಯತ್ಯಾಸ ಇದ್ದದ್ದು ಅಷ್ಟರಲ್ಲೇ.

ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳ್ತೀನಿ, ಬೇಜಾರಾದರೆ ದಾಟಿಸಿ ಓದಿ. ಕಂಟ್ರೋಲರ್ ಕಳಿಸುವ ಸುದ್ದಿ ತುಂಬಾ ಚಿಕ್ಕದು: ಈ ಬಟನ್ ಒತ್ತಿದ್ದಾರೆ, ಸ್ಟಿಕ್ ಇಷ್ಟು ವಾಲಿದೆ, ಅಷ್ಟೇ. ಅದು ಬೇಗ ಹೋಗಿಬಿಡುತ್ತದೆ. ಸದ್ದು ಹಾಗಲ್ಲ. ಫೋನ್ ಮೊದಲು ಅದನ್ನು ಹಿಂಡಿ ಚಿಕ್ಕದು ಮಾಡಬೇಕು, ಕಳಿಸಬೇಕು, ಇಯರ್‌ಬಡ್ ಅದನ್ನು ಬಿಚ್ಚಬೇಕು. ಅದರ ಮೇಲೆ, ಮಧ್ಯೆ ಸಿಗ್ನಲ್ ಕಡಿದರೂ ಹಾಡು ನಿಲ್ಲಬಾರದು ಅಂತ ಇಯರ್‌ಬಡ್ ಒಂದಿಷ್ಟು ಸದ್ದನ್ನು ಸದಾ ಮುಂಗಡವಾಗಿ ಕೂಡಿಟ್ಟುಕೊಂಡಿರುತ್ತದೆ. ನಮಗೆ ಕೇಳಿಸುವುದು ಆ ದಾಸ್ತಾನಿನಿಂದ. ಇದೆಲ್ಲ ಸೇರಿ ಸಾಮಾನ್ಯ ಇಯರ್‌ಬಡ್‌ಗಳಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಆಗುವುದು ಮಾಮೂಲಿ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಹತ್ತಿರಹತ್ತಿರ 17 ಮಿಲಿಸೆಕೆಂಡ್. ಸದ್ದು 200 ಮಿಲಿಸೆಕೆಂಡ್ ತಡವಾದರೆ ಚಿತ್ರ ಆಗಲೇ ಹನ್ನೆರಡು ಫ್ರೇಮ್ ಮುಂದೆ ಹೋಗಿರುತ್ತದೆ.

ಹಾಗಾದರೆ ವಿಡಿಯೋ ನೋಡುವಾಗ ತುಟಿಗೂ ಮಾತಿಗೂ ಸರಿಯಾಗೇ ಹೊಂದುತ್ತಲ್ಲ? ನಾನೂ ಇಲ್ಲೇ ಮೋಸ ಹೋದದ್ದು. ಯೂಟ್ಯೂಬ್ ಹಾಕಿ ನೋಡಿ, ತುಟಿ ಮಾತು ಎರಡೂ ಕೂಡಿದ್ದರಿಂದ, ಇಯರ್‌ಬಡ್ಸ್ ಸರಿಯಿವೆ ಅಂತ ಪಾಸು ಮಾಡಿಬಿಟ್ಟಿದ್ದೆ. ವಿಡಿಯೋ ಪ್ಲೇಯರ್‌ಗೆ ಸದ್ದು ಎಷ್ಟು ತಡವಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅದು ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸುತ್ತದೆ. ಮುಂದಿನ ದೃಶ್ಯ ಆಗಲೇ ಕೈಯಲ್ಲಿರುವುದರಿಂದ ಅದಕ್ಕೆ ಇದು ಸುಲಭ. ಆಟಕ್ಕೆ ಆ ಸೌಕರ್ಯ ಇಲ್ಲ. ನೀವು ಯಾವಾಗ ನೆಗೆಯುತ್ತೀರಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನೀವು ಒತ್ತಿದ ಕ್ಷಣದಲ್ಲಿ ಚಿತ್ರ ಬದಲಾಗಲೇಬೇಕು. ಸದ್ದು ಪಾಪ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ.

ಈಗ ನನ್ನ ಪೆದ್ದುತನ ನೋಡಿ. ಕಣ್ಣಿಗೆ ಕಾಣುತ್ತಿದ್ದ ಚಿತ್ರ ಸರಿಯಾದ ಹೊತ್ತಿಗೇ ಬದಲಾಗುತ್ತಿತ್ತು. ನಾನು ನಂಬಿದ್ದು ಕಿವಿಯನ್ನು. ಸದ್ದು ಹಿಂದೆ ಬಿದ್ದರೆ ಕೈಯೇ ಹಿಂದೆ ಬಿದ್ದ ಹಾಗೆ ಅನ್ನಿಸುತ್ತದೆ. ಅದನ್ನು ಸರಿಮಾಡಲು ಬೇಗ ಒತ್ತಿ ಒತ್ತಿ, ಸರಿಯಿದ್ದ ಆಟವನ್ನು ನಾನೇ ಕೆಡಿಸಿಕೊಂಡೆ. ಇಯರ್‌ಬಡ್ಸ್ ಬಿಟ್ಟ ಮೇಲೂ ಒಂದು ವಾರ ಕೈ ಅವಸರ ಬಿಡಲಿಲ್ಲ.

ಅದಕ್ಕೇ ಲ್ಯಾಗ್ ಇಲ್ಲದ ಕಂಟ್ರೋಲರ್ ಯಾವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇವತ್ತು ರಾತ್ರಿ ಆಟದ ಸದ್ದು ಪೂರ್ತಿ ಮ್ಯೂಟ್ ಮಾಡಿ, ಇಯರ್‌ಬಡ್ಸ್ ಡಬ್ಬಿಗೆ ಹಾಕಿ ಮುಚ್ಚಿ, ಹತ್ತು ನಿಮಿಷ ಬರೀ ಕಣ್ಣಿನಿಂದ ಆಡಿ. ಕಿವಿಯಲ್ಲೇ ಇಟ್ಟುಕೊಂಡು ಮ್ಯೂಟ್ ಮಾಡಿದರೆ ಸಾಲದು. ಫೋನ್ ಒಂದೇ ಬ್ಲೂಟೂತ್ ರೇಡಿಯೋದಿಂದ ಇಬ್ಬರಿಗೂ ಸರದಿ ಹಂಚುತ್ತಿರುತ್ತದೆ, ಒಬ್ಬರನ್ನು ಪೂರ್ತಿ ಕಳಿಸಿದರೇನೇ ಗೊತ್ತಾಗುವುದು. ತಡ ಮಾಯವಾದರೆ ನಿಮ್ಮ ಕಂಟ್ರೋಲರ್ ನಿರಪರಾಧಿ.

ಆಮೇಲೂ ತಡ ಇದ್ದರೆ ವೈಫೈ ಕಡೆ ನೋಡಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಹಳೆಯ ಬಗೆಯ ವೈಫೈ ಕೂಡ ಅಲ್ಲೇ. ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಾಗ ಬದಲಿಸುತ್ತಾ ತಪ್ಪಿಸಿಕೊಳ್ಳಲು ನೋಡುತ್ತದೆ, ಆದರೂ ಗದ್ದಲ ಜಾಸ್ತಿಯಾದರೆ ಒದ್ದಾಡುತ್ತದೆ. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. ಇಂಟರ್ನೆಟ್ ಬೇಡದ ಆಟವಾದರೆ ಏರ್‌ಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ನೇರ ಫೋನ್‌ಗೆ ಚುಚ್ಚಿ, ಬಹಳಷ್ಟು ಕಂಟ್ರೋಲರ್‌ಗಳು ಹಾಗೂ ಕೆಲಸ ಮಾಡುತ್ತವೆ. ಕೇಬಲ್‌ನಲ್ಲೂ ಅಷ್ಟೇ ತಡ ಅಂದರೆ ತಪ್ಪು ಆಟದ್ದೋ ಫೋನಿನದೋ. ದೂರದ ಸರ್ವರ್‌ನಲ್ಲಿ ಓಡುವ ಕ್ಲೌಡ್ ಗೇಮ್ ಆಡುತ್ತಿದ್ದರೆ ತಡ ಬರುವುದು ನಿಮ್ಮ ಇಂಟರ್ನೆಟ್‌ನಿಂದ, ಯಾವ ಕಂಟ್ರೋಲರ್ ತಂದರೂ ಅದು ಹೋಗಲ್ಲ.

ನಾನಂತೂ ಆಮೇಲೆ ಹಟಕ್ಕೆ ಬಿದ್ದು ಹೆಂಡತಿಯ ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೋ ತೆಗೆದೆ. ಹೆಬ್ಬೆರಳು, ಬಟನ್, ಪರದೆ ಮೂರೂ ಒಟ್ಟಿಗೆ ಕಾಣುವ ಹಾಗೆ. ಬಟನ್ ತಳ ಮುಟ್ಟಿದ ಫ್ರೇಮ್‌ನಿಂದ ಗೊಂಬೆಯ ಕಾಲು ನೆಲ ಬಿಡುವ ಫ್ರೇಮ್ ತನಕ ಒಂದೊಂದಾಗಿ ಸರಿಸುತ್ತಾ ಎಣಿಸಿದೆ. ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ನಾನು ಬೈದು ದಾನ ಮಾಡಿದ್ದ ಕಂಟ್ರೋಲರ್‌ಗೂ ದುಬಾರಿಯದಕ್ಕೂ ವ್ಯತ್ಯಾಸ ಮೂರು ಫ್ರೇಮ್ ಕೂಡ ಇರಲಿಲ್ಲ. ಈ ಕೆಲಸ ಎರಡನೆಯದನ್ನು ಕೊಳ್ಳುವ ಮೊದಲೇ ಮಾಡಬಹುದಿತ್ತು, ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹಾಗಾದರೆ ರಾತ್ರಿ ಹೇಗೆ ಆಡುವುದು? ವೈರ್ ಇಯರ್‌ಫೋನ್. ಫೋನ್‌ನಲ್ಲಿ ಜಾಕ್ ಇಲ್ಲದಿದ್ದರೆ ಟೈಪ್-ಸಿ ಇಯರ್‌ಫೋನ್. ಗೇಮ್ ಮೋಡ್ ಇರುವ ಇಯರ್‌ಬಡ್ಸ್ ತಗೊಳ್ಳಿ ಅಂತ ಯಾರಾದರೂ ಹೇಳಬಹುದು. ಅದರಲ್ಲಿ ತಡ ಕಡಿಮೆ ಆಗುತ್ತದೆ ನಿಜ, ಪೂರ್ತಿ ಹೋಗುವುದಿಲ್ಲ, ಸದ್ದೂ ಆಗಾಗ ಕಡಿಯುತ್ತದೆ. ನನಗಂತೂ ಡ್ರಾಯರ್‌ನಲ್ಲಿ ಸುತ್ತಿಟ್ಟಿದ್ದ ಹಳೆಯ ವೈರೇ ಸಾಕಾಯಿತು. ಚೀಟಿ ಎತ್ತಿಯೋ ಇಸ್ಪೀಟ್ ಎಲೆ ಕಲೆಸಿಯೋ ಆಡುವಂಥ ನಿಧಾನದ ಆಟಕ್ಕೆ ಇಯರ್‌ಬಡ್ಸ್ ಪರವಾಗಿಲ್ಲ, ಅಲ್ಲಿ ಅವಸರವೇ ಇರುವುದಿಲ್ಲ.

ಇನ್ನು ನೀವು ಯಾವ ಆಟ ಅಂತ ಬರೆದಿಲ್ಲ. ಪಬ್‌ಜಿ ಮೊಬೈಲ್ ಥರದ್ದಾದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ, ಅದು ಕಂಟ್ರೋಲರನ್ನು ನೇರವಾಗಿ ಒಪ್ಪುವುದೇ ಇಲ್ಲ. ಬಟನ್ ಒತ್ತಿದ್ದನ್ನು ಬೆರಳಿನ ಸ್ಪರ್ಶದ ಹಾಗೆ ತೋರಿಸುವ ಮ್ಯಾಪಿಂಗ್ ಆ್ಯಪ್‌ಗಳಿವೆ, ಹಾಕಿಕೊಳ್ಳಬೇಡಿ. ಆನ್‌ಲೈನ್ ಆಟಗಳು ಅದನ್ನು ಮೋಸ ಅಂತಲೇ ಎಣಿಸುತ್ತವೆ, ಅಕೌಂಟ್ ಬ್ಯಾನ್ ಆದರೆ ಯಾರನ್ನು ಕೇಳುತ್ತೀರಿ? ಕಾಲ್ ಆಫ್ ಡ್ಯೂಟಿ ಮೊಬೈಲ್ ಕಂಟ್ರೋಲರ್ ಒಪ್ಪುತ್ತದೆ, ಆದರೆ ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಸೇರಿಸುತ್ತದೆ. ಗಾಜಿನ ಮೇಲೆ ಆಡುವವರನ್ನು ಸುಲಭವಾಗಿ ಸೋಲಿಸಿಬಿಡುತ್ತೀನಿ ಅನ್ನುವ ಆಸೆ ಇದ್ದರೆ ಅದನ್ನೂ ಬಿಡಿ.

ಎ ಒತ್ತಿದರೆ ಬಿ ಆಗುತ್ತಿದ್ದರೆ ಕಂಟ್ರೋಲರ್ ಹಾಳಾಗಿಲ್ಲ. ಅದು ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರಕ್ಕೆ ಹೊಂದುವ ಮೋಡ್‌ನಲ್ಲಿರಬೇಕು, ಅವರ ಎ ಮತ್ತು ಬಿ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆ ತಿರುವುಮುರುವು. ಕಂಟ್ರೋಲರ್ ಆಫ್ ಮಾಡಿ, ಜೊತೆಗೆ ಬಂದ ಚೀಟಿಯಲ್ಲಿರುವ ಎರಡು ಬಟನ್ ಒಟ್ಟಿಗೆ ಒತ್ತಿ ಆಂಡ್ರಾಯ್ಡ್ ಮೋಡ್‌ನಲ್ಲಿ ಮತ್ತೆ ಆನ್ ಮಾಡಿ. ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿರುವ ಹಳೆಯ ಹೆಸರು ಅಳಿಸಿ, ಹೊಸದಾಗಿ ಜೋಡಿಸಿ.

ಇಷ್ಟೆಲ್ಲ ಆದಮೇಲೂ ಹೊಸದು ಬೇಕೇ ಬೇಕು ಅಂದರೆ ಬ್ಲೂಟೂತ್ ಬೇಡ, ಫೋನನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದು ಟೈಪ್-ಸಿಗೆ ನೇರ ಕೂರುವ ಬಗೆಯದ್ದು ನೋಡಿ. ಚಾರ್ಜ್ ಮಾಡುವ ಗೋಜಿಲ್ಲ, ಜೋಡಿಸುವ ಗೋಜೂ ಇಲ್ಲ. ಅದರಲ್ಲೂ ಇಯರ್‌ಫೋನ್ ಜಾಕ್ ಇದೆಯೇ ಅಂತ ಮೊದಲು ನೋಡಿಕೊಳ್ಳಿ, ಫೋನಿನ ಇರುವ ಒಂದೇ ತೂತನ್ನು ಕಂಟ್ರೋಲರ್ ಹಿಡಿದುಬಿಟ್ಟಿರುತ್ತದೆ.

ಮೊದಲು ಮ್ಯೂಟ್ ಮಾಡಿ ಆಡಿ. ಏನಾಯಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ, ಆಟದ ಹೆಸರೂ ಸೇರಿಸಿ. ಆ ಹಳೆಯ ಕಂಟ್ರೋಲರ್ ನಿಮಗೇ ಕೊಡೋಣ ಅಂದರೆ ಹುಡುಗ ಬಿಟ್ಟುಕೊಡುತ್ತಿಲ್ಲ, ನಾನೇ ಎರಡು ಸಲ ಕೇಳಿ ನೋಡಿದೆ.