ಟ್ರೌಟ್ ಮತ್ತೆ ಫಾರ್ಮ್‌ಗೆ ಬರ್ತಾರಾ?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ಮೈಕ್ ಟ್ರೌಟ್ ಆಟ ನೋಡಿಯೇ ನನಗೆ ಬೇಸ್‌ಬಾಲ್ ಹುಚ್ಚು ಹಿಡಿದಿದ್ದು. ಈಗ ಅವರಿಗೆ 34 ತುಂಬಿದೆ, ವರ್ಷಕ್ಕೊಂದು ಗಾಯ. ಅವರ ಕಥೆ ಮುಗೀತು ಅಂತ ಗೆಳೆಯರು ಹೇಳ್ತಾರೆ. ಅವರ ಏಂಜಲ್ಸ್ ತಂಡ ಸುಮ್ನೆ ದುಡ್ಡು ಸುರಿಯುತ್ತಿದೆಯಾ? ಅವರು ಮತ್ತೆ ಫಾರ್ಮ್‌ಗೆ ಬರ್ತಾರಾ?"

ಪ್ರಿಯ ಓದುಗರೇ,

ಬರ್ತಾರೆ ಅಂತಲೇ ನನ್ನ ನಂಬಿಕೆ. ಆದರೆ 2012ರ ಟ್ರೌಟ್ ಮಾತ್ರ ಮತ್ತೆ ಬರುವುದಿಲ್ಲ. ಆ ವರ್ಷ ಅವರು 30 ಹೋಮ್ ರನ್ (ಚೆಂಡನ್ನು ಮೈದಾನದ ಗೋಡೆಯಾಚೆ ಕಳಿಸುವ ಹೊಡೆತ) ಹೊಡೆದು, 49 ಬೇಸ್ ಕದ್ದರು, ಅಂದರೆ ಪಿಚರ್ (ಚೆಂಡು ಎಸೆಯುವವರು) ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಸೇರಿಕೊಂಡರು. ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಎದುರಾಳಿ ಬ್ಯಾಟರ್ ಜೆ.ಜೆ. ಹಾರ್ಡಿ ಹೊಡೆದ ಚೆಂಡು ಸೆಂಟರ್ ಫೀಲ್ಡ್ (ಮೈದಾನದ ಹಿಂಬದಿಯ ನಡುಭಾಗ) ಗೋಡೆಯಾಚೆ ಬೀಳುವುದರಲ್ಲಿತ್ತು. ಟ್ರೌಟ್ ಹಿಂದಕ್ಕೆ ಓಡಿ, ಗೋಡೆಗೆ ಕಾಲು ಕೊಟ್ಟು ಮೇಲಕ್ಕೆ ಚಿಮ್ಮಿ, ಆಚೆ ದಾಟುತ್ತಿದ್ದ ಚೆಂಡನ್ನು ಹಿಡಿದೇಬಿಟ್ಟರು. ಆಗ ಅವರಿಗಿನ್ನೂ 20. ಆ ಕಾಲುಗಳು ಈಗಿಲ್ಲ, ಅದಕ್ಕಾಗಿ ಕಾಯಬೇಡಿ.

ಗಾಯಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟುವುದೂ ಸರಿಯಲ್ಲ. 2021ರಿಂದ 2024ರವರೆಗೆ 648 ಪಂದ್ಯಗಳಲ್ಲಿ ಅವರು ಆಡಿದ್ದು 266 ಮಾತ್ರ. ಮೊದಲು ಮೀನಖಂಡ, ಆಮೇಲೆ ಬೆನ್ನು. 2023ರಲ್ಲಿ ಎಡಗೈಯ ಹ್ಯಾಮೇಟ್ ಮೂಳೆ ಮುರಿಯಿತು. ಬ್ಯಾಟಿನ ಹಿಡಿಯ ತುದಿ ಅಂಗೈಗೆ ಒತ್ತುವ ಕಡೆಯೇ ಇರುವ ಪುಟ್ಟ ಮೂಳೆ ಅದು. ಇಪ್ಪತ್ತರ ಹುಡುಗರಿಗೂ ಮುರಿಯುತ್ತದೆ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು.

ನನಗೆ ನಿಜವಾಗಿ ಚಿಂತೆ ಇರುವುದು ಎಡ ಮೊಣಕಾಲಿನ ಬಗ್ಗೆ. 2024ರಲ್ಲಿ 29 ಪಂದ್ಯಗಳಲ್ಲೇ 10 ಹೋಮ್ ರನ್ ಬಾರಿಸಿ ಒಳ್ಳೇ ಲಯದಲ್ಲಿದ್ದರು. ಆಗ ಮೊಣಕಾಲಿನ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿಯಿತು. ಆಪರೇಷನ್ ಆಗಿ ಚೇತರಿಸಿಕೊಳ್ಳುವಾಗ ಅದೇ ಮತ್ತೆ ಹರಿಯಿತು. ಬಲಗೈ ಬ್ಯಾಟರ್‌ಗೆ ಎಡಗಾಲೇ ಮುಂದಿನ ಕಾಲು. ಬ್ಯಾಟ್ ಬೀಸುವಾಗ ಆ ಕಾಲು ಗಟ್ಟಿಯಾಗಿ ಊರಿ ನಿಂತರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಬ್ಯಾಟಿಗೆ ವೇಗ. ಕಾಲಿನ ಮೇಲೆ ಭರವಸೆ ಇಲ್ಲದಿದ್ದರೆ ಬ್ಯಾಟ್ ಕೂದಲೆಳೆಯಷ್ಟು ತಡವಾಗುತ್ತದೆ. ವೇಗದ ಎಸೆತಕ್ಕೆ ಅಷ್ಟು ತಡವಾದರೆ ಮುಗಿಯಿತು.

2025ರ ಅಂಕಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬ್ಯಾಟಿಂಗ್ ಸರಾಸರಿ .232ಕ್ಕೆ (ಸಾವಿರ ಯತ್ನಕ್ಕೆ 232 ಹಿಟ್‌ನ ಲೆಕ್ಕ) ಇಳಿಯಿತು, 178 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ನಿಮ್ಮ ಗೆಳೆಯರು ಇಷ್ಟನ್ನೇ ನೋಡುತ್ತಿದ್ದಾರೆ. ಆದರೆ ಅದೇ ವರ್ಷ 130 ಪಂದ್ಯ ಆಡಿದರು, 26 ಹೋಮ್ ರನ್ ಹೊಡೆದರು, 87 ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆದರು. ಕೆಟ್ಟ ಎಸೆತ ಬಿಡುವ ಕಣ್ಣು ಹಾಗೇ ಇದೆ ಅಂತ ತಾನೇ ಇದರರ್ಥ? ಸೆಪ್ಟೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಹೊಡೆದ 400ನೇ ಹೋಮ್ ರನ್ 485 ಅಡಿ ಹೋಯಿತು. ಡೆನ್ವರ್‌ನ ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ನಿಜ. ಆದರೂ ತೋಳಲ್ಲಿ ಬಲವಿಲ್ಲದವರು 485 ಅಡಿ ಹೊಡೆಯಲಾರರು.

ಹಿಂದಿನ ಸೆಂಟರ್ ಫೀಲ್ಡ್ ತಾರೆ ಕೆನ್ ಗ್ರಿಫಿ ಜೂನಿಯರ್ ನೆನಪಿದ್ದಾರಲ್ವಾ? ಸಿನ್ಸಿನಾಟಿ ತಂಡಕ್ಕೆ ಬಂದ ಮೇಲೆ 2001ರಿಂದ 2004ರವರೆಗೆ ಅವರದ್ದೂ ಇದೇ ಪಾಡು. ತೊಡೆಯ ಸ್ನಾಯು ಹರಿದು ಆಪರೇಷನ್ ಆಗಿತ್ತು. ಅವರ ಕಥೆಯೂ ಮುಗೀತು ಅಂತಲೇ ಜನ ಅಂದುಕೊಂಡಿದ್ದರು. 2005ರಲ್ಲಿ, 35ರ ವಯಸ್ಸಲ್ಲಿ, 35 ಹೋಮ್ ರನ್, .301 ಸರಾಸರಿ! 2007ರಲ್ಲಿ ಸೆಂಟರ್ ಫೀಲ್ಡ್ ಬಿಟ್ಟು ರೈಟ್ ಫೀಲ್ಡ್‌ಗೆ (ಬಲಬದಿಗೆ) ಹೋಗಿ ಮತ್ತೆ 30 ಹೊಡೆದರು. ಹಳೆಯ ಗ್ರಿಫಿ ಆಗಿರಲಿಲ್ಲ, ಆದರೆ ಪಿಚರ್‌ಗಳು ಹೆದರುವ ಗ್ರಿಫಿ ಆಗಿದ್ದರು. ಟ್ರೌಟ್‌ರಿಂದ ನಾನು ನಿರೀಕ್ಷಿಸುವುದೂ ಇಷ್ಟೇ: 30ರ ಆಸುಪಾಸು ಹೋಮ್ ರನ್, ಎರಡೋ ಮೂರೋ ವರ್ಷ.

ಅದಕ್ಕೆ ತಂಡವೂ ಮನಸ್ಸು ಮಾಡಬೇಕು. 2025ರಲ್ಲಿ ರೈಟ್ ಫೀಲ್ಡ್‌ನಲ್ಲಿ ಆಡಿಸಿ ನೋಡಿದರು, ಏಪ್ರಿಲ್ ಕೊನೆಗೇ ಮೊಣಕಾಲು ಮತ್ತೆ ಕೈಕೊಟ್ಟಿತು. ವಾಪಸ್ ಬಂದ ಮೇಲೆ ಡೆಸಿಗ್ನೇಟೆಡ್ ಹಿಟ್ಟರ್ ಆಗಿ ಬರೀ ಬ್ಯಾಟಿಂಗ್ ಮಾಡಿದರು, ಸೀಸನ್ ಪೂರ್ತಿ ಉಳಿದುಕೊಂಡರು. ಅದನ್ನೇ ಮುಂದುವರಿಸಲಿ.

ದುಡ್ಡಿನ ವಿಷಯಕ್ಕೆ ಬಂದರೆ, 12 ವರ್ಷಕ್ಕೆ 42.65 ಕೋಟಿ ಡಾಲರ್‌ಗಳ ಒಪ್ಪಂದ 2030ರವರೆಗೂ ಇದೆ. ಅದನ್ನು ಟ್ರೌಟ್ ತಲೆಗೆ ಕಟ್ಟುವುದು ಅನ್ಯಾಯ. ಮೂರು ಸಲ ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ) ಆದವರನ್ನು ಇಟ್ಟುಕೊಂಡು ಆ ತಂಡ ಪ್ಲೇಆಫ್‌ಗೆ ಹೋಗಿದ್ದು ಒಂದೇ ಸಲ, 2014ರಲ್ಲಿ. ಅದೂ ಮೂರೇ ಪಂದ್ಯ. ನನಗೆ ಗಾಯಗಳಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೆ.

ಮುಂದಿನ ಸಲ ಸ್ಟೇಡಿಯಂಗೆ ಹೋದಾಗ ಹೋಮ್ ರನ್ ಎಣಿಸಬೇಡಿ. ಎದೆಮಟ್ಟಕ್ಕೆ ಬರುವ ವೇಗದ ಎಸೆತಕ್ಕೆ ಅವರ ಬ್ಯಾಟ್ ಸಮಯಕ್ಕೆ ತಲುಪುತ್ತಿದೆಯಾ ನೋಡಿ. ಗೆಳೆಯರನ್ನೂ ಕರೆದುಕೊಂಡು ಹೋಗಿ. ಕಂಡದ್ದನ್ನು ನಮಗೆ ಬರೆಯಿರಿ.

– ಸಂಪಾದಕ